ಒಂಬತ್ತನೇ ದಿನದ ನೀರು

"ಗಿಡಕ್ಕೆ ನೀರು ಹಾಕದೇ ಇರೋದಕ್ಕೆ ನಮ್ಮ ಸೊಸೆಗೆ ಸಂಬಳ ಕೊಡ್ತಾರೆ" ಎಂದು ಅತ್ತೆ ಎಲ್ಲರೆದುರು ಗೇಲಿ ಮಾಡುತ್ತಿದ್ದರು. ಸೊಸೆ ಸಸ್ಯವಿಜ್ಞಾನಿ. ದಪ್ಪ ಎಲೆಯ ಪುಟ್ಟ ಗಿಡವೊಂದರ ಬೆನ್ನು ಹತ್ತಿ ಆರು ವರ್ಷವಾಗಿತ್ತು. ನೀರು ಸಿಗದಿದ್ದರೆ ಆ ಗಿಡ ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ತೇವ ಉಳಿಸುತ್ತದೆ. ರಾತ್ರಿ ಗಾಳಿ ಎಳೆದುಕೊಂಡು ಹುಳಿಯಾಗಿ ಕೂಡಿಡುತ್ತದೆ, ಬಿಸಿಲು ಬಂದ ಮೇಲೆ ಅದರಿಂದಲೇ ಆಹಾರ ಮಾಡಿಕೊಳ್ಳುತ್ತದೆ. ಹಾಗಾಗಿ ಬೆಳಗಿನ ಎಲೆ ಹುಳಿ.

ಒಂದು ಸಲ, ನೀರು ನಿಲ್ಲಿಸಿ ನೋಡುವ ಪ್ರಯೋಗದ ಒಂಬತ್ತನೇ ದಿನ, ಅತ್ತೆ ಗಾಜಿನ ಮನೆ ನೋಡಲು ಬಂದರು. ಫೋನು ಬಂತೆಂದು ಸೊಸೆ ಹೊರಗೆ ಹೋದಳು. ಹನ್ನೆರಡು ಕುಂಡಗಳಲ್ಲಿ ಬಾಡಿ ನಿಂತ ಗಿಡಗಳನ್ನು ಕಂಡು ಅತ್ತೆಗೆ ಅಯ್ಯೋ ಎನಿಸಿತು. ಮೂಲೆಯಲ್ಲಿದ್ದ ಕ್ಯಾನು ಎತ್ತಿ ಎಲ್ಲಕ್ಕೂ ಧಾರಾಳವಾಗಿ ಸುರಿದರು.

"ಅಯ್ಯೋ ಅತ್ತೆ, ಏನ್ ಮಾಡ್ಬಿಟ್ರಿ!"

"ಬಾಯಾರಿತ್ತು ಕಣೇ, ಪಾಪ."

ಸೊಸೆ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದಳು. ಸಿಟ್ಟು ಬಂತು, ಅತ್ತೆಯ ಒದ್ದೆ ಚಪ್ಪಲಿ ನೋಡಿ ನಗುವೂ ಬಂತು.

ಮಾರನೇ ಬೆಳಿಗ್ಗೆ, ಗಿಡಗಳನ್ನು ಎಸೆಯುವ ಮುಂಚೆ, ಇರಲಿ ಎಂದು ಎಲೆ ಅರೆದು ಪರೀಕ್ಷಿಸಿದಳು. ಹುಳಿ ಅರ್ಧಕ್ಕಿಳಿದಿತ್ತು. ಮೂರನೇ ಬೆಳಿಗ್ಗೆ ಇಲ್ಲವೇ ಇಲ್ಲ ಎನ್ನಬಹುದಿತ್ತು. ನೀರು ಸಿಕ್ಕ ಗಿಡ ಇಷ್ಟು ಬೇಗ ಹಗಲಲ್ಲೇ ಗಾಳಿ ಎಳೆದುಕೊಳ್ಳುವ ಹಳೇ ರೂಢಿಗೆ ಮರಳುತ್ತದೆಂದು ಅವಳು ಎಣಿಸಿರಲಿಲ್ಲ. ಮುಂದಿನ ಎರಡು ವರ್ಷ ಅದನ್ನೇ ಅಳೆದಳು. ಪ್ರಬಂಧ ಅಚ್ಚಾದಾಗ ಕೊನೆಯ ಪುಟದ ಕೃತಜ್ಞತೆಯಲ್ಲಿ ಅತ್ತೆಯ ಹೆಸರಿತ್ತು.

ಅತ್ತೆ ಆ ಪುಟವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. "ನಾವಿಬ್ರೂ ಸೇರಿ ಕಂಡುಹಿಡಿದದ್ದು" ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಸೊಸೆ ಒಮ್ಮೆಯೂ ಇಲ್ಲವೆಂದಿಲ್ಲ.