ಕೀಲಿ ಕೊಡುವ ಕಿಟಕಿ

ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ನಲ್ಲಿಯಲ್ಲಿ ನೀರು ಬರುವ ದಿನ, ಹಾಗಾಗಿ ಕೊಡ, ಬಕೀಟು, ಕೊನೆಗೆ ಹಾಲಿನ ಪಾತ್ರೆಯನ್ನೂ ಬಿಡದೆ ತುಂಬಿಸಿಟ್ಟೆ. ನಮ್ಮವರ ಬಿಪಿ ಮಾತ್ರೆಯನ್ನು ಅವರ ಕೈಗೆ ಕೊಟ್ಟು, ನುಂಗುವವರೆಗೂ ಅಲ್ಲೇ ನಿಂತೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ ಆರಿಸುವಾಗ ಕಾಯಿಪಲ್ಲೆಯವಳು, “ಎಷ್ಟು ಮುಟ್ಟಿ ಮುಟ್ಟಿ ನೋಡ್ತೀಯವ್ವಾ, ಬದ್ನಿಕಾಯಿಗೆ ನಾಚ್ಕಿ ಬಂದೀತು” ಎಂದಳು. ನಕ್ಕು, ಇನ್ನೆರಡು ಮುಟ್ಟಿ ನೋಡಿಯೇ ಬಂದೆ. ಸಂಜೆ ಊಟಕ್ಕೆ ಇಬ್ಬರು ಬರುವವರಿದ್ದರು. ಎಣ್ಣೆಗಾಯಿಯ ಮಸಾಲೆ ಹುರಿಯಲು ನಿಂತೆ. ಕೊಬ್ಬರಿ, ಎಳ್ಳು, ಶೇಂಗಾ ಆಯಿತು. ಲವಂಗ ಬಾಣಲೆಗೆ ಬಿದ್ದು ಘಾಟು ಮೂಗಿಗೆ ಏರಿದ್ದೇ ತಡ, ನನ್ನ ಬಾಯಿಂದ ತಾನಾಗಿ ಮಾತು ಬಂತು: “ಇವತ್ತು ಕೀಲಿ ಇಲ್ಲ, ನಡೀ.”

ಹೊರಗೆ ಪೇಪರು ಓದುತ್ತಿದ್ದ ನಮ್ಮವರು “ಯಾರಿಗೆ?” ಎಂದು ಕೇಳಿದರು. “ಯಾರಿಗೂ ಅಲ್ಲ, ನೀವು ಓದ್ರಿ” ಎಂದೆ.

ಲವಂಗಕ್ಕೂ ಕೀಲಿಗೂ ಏನು ಸಂಬಂಧ ಎನ್ನುತ್ತೀರಾ? ಅದನ್ನೂ ಹೇಳುತ್ತೇನೆ, ಇರಿ.

ಮೈನಿಂಗ್ ಜೋರಾಗಿದ್ದ ಕಾಲ ಅದು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಊರು ಬಿಡುತ್ತಿದ್ದ ವರ್ಷಗಳು. ಹೊಸಪೇಟೆಯಲ್ಲಿ ಬಿಳಿ ಬಟ್ಟೆ ಎಂಬುದು ಅಂಗಡಿಯಿಂದ ತರುವ ದಿನ ಮಾತ್ರ ಬಿಳಿ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನಮ್ಮವರ ಅಂಗಿಗಳೆಲ್ಲ ಒಗೆದು ಒಗೆದು ತಿಳಿಗುಲಾಬಿ ಆಗಿದ್ದವು. “ಬ್ಯಾಂಕಿನಾಗ ಎಲ್ಲಾರದೂ ಇದ ಬಣ್ಣ” ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು. ಮೊಸರಿನ ಮೇಲೂ ಕೆಂಪು ಧೂಳಿನ ಕೆನೆ. ಅದನ್ನು ಬೆರಳಲ್ಲಿ ತೆಗೆದು ಉಣ್ಣುವುದು ಎಲ್ಲರಿಗೂ ರೂಢಿಯಾಗಿತ್ತು.

ಸಂಡೂರು ರಸ್ತೆಯ ಒಂದು ಟಿಪ್ಪರ್ ಯಾರ್ಡಿನ ಟೈಮ್ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ಒಂದು ತಗಡಿನ ಕೋಣೆ, ಅದಕ್ಕೊಂದು ಕಿಟಕಿ. ಬೆಳಗ್ಗೆ ಡ್ರೈವರುಗಳು ಕಿಟಕಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಮೊಳೆಗೆ ನೇತುಹಾಕಿದ ಕೀಲಿ ತೆಗೆದು ಒಬ್ಬೊಬ್ಬರ ಕೈಗೆ ಕೊಡುವುದು ನನ್ನ ಕೆಲಸ. ಕೊಡುವ ಮುನ್ನ ಎರಡು ಮಾತಾಡಿಸಬೇಕು. ಊಟ ಆಯ್ತಾ, ಮಗಳಿಗೆ ಜ್ವರ ಬಿಟ್ಟಿತಾ ಎಂದೆಲ್ಲ ಕೇಳುತ್ತಿದ್ದೆನಾದರೂ ಅದು ಬರೀ ಉಪಚಾರವಲ್ಲ. ಅವರು ಬಾಯಿ ಬಿಟ್ಟಾಗ ನಾನು ಮೂಸಿ ನೋಡಬೇಕು. ಸೂಪರ್‌ವೈಸರ್ ಬಸವರಾಜ ಸರ್ ನನ್ನನ್ನು ಆ ಕಿಟಕಿಗೆ ಕೂರಿಸುವಾಗಲೇ ಹೇಳಿದ್ದರು: “ಮೇಡಂ, ವಾಸ್ನಿ ಬಂತಂದ್ರ ಕೀಲಿ ಇಲ್ಲ. ಎರಡನೇ ಸಲ ಬಂತಂದ್ರ ಕೆಲ್ಸಾನೂ ಇಲ್ಲ.”

ಡ್ರೈವರುಗಳನ್ನು ಬರೀ ಬಯ್ದರೆ ಆಗದು. ಟ್ರಿಪ್ಪಿನ ಮೇಲೆ ಸಂಬಳ, ಹಾಗಾಗಿ ನಿದ್ದೆ ಬಿಟ್ಟು ಗಾಡಿ ಓಡಿಸುತ್ತಿದ್ದರು. ಘಾಟಿ ರಸ್ತೆಯ ಗುಂಡಿಗಳಲ್ಲಿ ಕುಕ್ಕಿ ಕುಕ್ಕಿ ಸೊಂಟ ಹಿಡಿದುಹೋಗುತ್ತಿತ್ತು. ಸೊಂಟಕ್ಕೆಂದು ಶುರುವಾದ ಕುಡಿತ ನಿದ್ದೆಗೂ ಬೇಕಾಗುತ್ತಿತ್ತು, ಆಮೇಲೆ ಎದ್ದೇಳುವುದಕ್ಕೂ ಬೇಕಾಗುತ್ತಿತ್ತು.

ವಾಸನೆ ಮುಚ್ಚಲು ಅವರು ಮಾಡದ ಉಪಾಯವಿಲ್ಲ. ಹಸಿ ಉಳ್ಳಾಗಡ್ಡಿ, ಪೇರಲ ಎಲೆ, ಎಲ್ಲಕ್ಕಿಂತ ಹೆಚ್ಚಾಗಿ ಲವಂಗ. ನಾನೂ ಅಷ್ಟೇ ಜಾಣೆ. ಲವಂಗದ ವಾಸನೆ ಬಂತೆಂದರೆ ಕುಡಿದಿದ್ದಾರೆ ಎಂದೇ ಲೆಕ್ಕ. ಒಂದು ದಿನ ಹೀಗೆಯೇ ಒಬ್ಬನಿಗೆ ಕೀಲಿ ಇಲ್ಲ ಎಂದೆ. ಅವನು ಕೈಸನ್ನೆ ಮಾಡಿದ, ಏನೋ ಗೊಣಗಿದ, ನಾನು ಜಗ್ಗಲಿಲ್ಲ. ಕೊನೆಗೆ ಅವನು ಕಿಟಕಿಯೊಳಗೆ ಮುಖ ತೂರಿಸಿದಾಗ ನೋಡುತ್ತೇನೆ, ದವಡೆ ಬೋಂಡದಂತೆ ಊದಿದೆ. ಹಲ್ಲುನೋವು! ಪಾಪ, ಅವನ ಹೆಂಡತಿ ರಾತ್ರಿಯೆಲ್ಲ ಲವಂಗ ಇಟ್ಟಿದ್ದಳಂತೆ. ಆವತ್ತು ಯಾರ್ಡೆಲ್ಲ ನಕ್ಕಿತು. ಇನ್ನು ನನಗೆ ನೆಗಡಿಯಾದರಂತೂ ಸಾಲಿನಲ್ಲಿ ಹಬ್ಬ. “ಮೇಡಮ್ಮಾರಿಗೆ ಮೂಗು ಕಟ್ಟೇತಂತ್ರಲೇ!” ಎಂದು ಕೊನೆಯವರೆಗೂ ಸುದ್ದಿ ಹೋಗುತ್ತಿತ್ತು.

ಆ ಸಾಲಿನಲ್ಲಿ ಪಂಪಾಪತಿ ಎಂಬವನಿದ್ದ. ಎಮ್ಮಿಗನೂರಿನವನು, ಎತ್ತರದ ಆಳು, ಗಾಡಿಯನ್ನು ದಿನವೂ ಒರೆಸಿ ಇಡುವವನು. ಆದರೆ ಕುಡಿತದಲ್ಲಿ ಅವನ ಮುಂದೆ ಯಾರೂ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಕುಡಿದ ಅಮಲಿನಲ್ಲಿ ಟಿಪ್ಪರನ್ನು ಕಾಲುವೆಗೆ ಇಳಿಸಿ, ಬಾಗಿಲು ತೆರೆದು ಹಾರಿ ಬದುಕಿದ್ದ. ಬಸವರಾಜ ಸರ್ ಅವನಿಗೆ ಕೊನೆಯ ಎಚ್ಚರಿಕೆ ಕೊಟ್ಟಾಗಿತ್ತು.

ಕಾರ್ತಿಕ ಬಂತು. ಪಂಪಾಪತಿ ಮತ್ತು ಇನ್ನೂ ಹಲವರು ಅಯ್ಯಪ್ಪನ ಮಾಲೆ ಹಾಕಿಕೊಂಡರು. ಕಪ್ಪು ಪಂಚೆ, ಬರಿಗಾಲು, ಹಣೆಗೆ ಗಂಧ. ತಣ್ಣೀರು ಸ್ನಾನ ಮುಗಿಸಿ ಕಿಟಕಿಗೆ ಬಂದು “ಸ್ವಾಮಿ ಶರಣಂ, ಅಕ್ಕಾರ” ಎನ್ನುವರು. ನಾನೂ “ಸ್ವಾಮಿ ಶರಣಂ” ಎಂದು ಕೀಲಿ ಕೊಡುವೆ. ಮಾಲೆ ಹಾಕಿದವರನ್ನು ಮೂಸುವುದು ಹೇಗೆ, ಮೂಸಿದರೆ ನನಗೇ ಪಾಪ. ಮೂಸುವ ಅಗತ್ಯವೂ ಇರಲಿಲ್ಲ. ದಿನಾ “ಲೇ ಪಂಪ್ಯಾ” ಎಂದು ಕೂಗುತ್ತಿದ್ದ ಬಸವರಾಜ ಸರ್ ಕೂಡ “ಸ್ವಾಮೀ, ಗಾಡಿ ಸ್ವಲ್ಪ ಹಿಂದ ತಗೋರ್ರಿ” ಎನ್ನುತ್ತಿದ್ದರು. ಆ ಚಳಿಗಾಲದಲ್ಲಿ ನಮ್ಮ ಯಾರ್ಡಿನ ಒಂದು ಗಾಡಿಗೂ ಗೀರು ಬೀಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಎಲ್ಲರೂ ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದರು. ಮರುದಿನವೇ ಮಾಲೀಕರ ಜೀಪು ಬಂತು. ಸೀಜನ್ನಿನಲ್ಲಿ ಒಂದೂ ಆಕ್ಸಿಡೆಂಟ್ ಇಲ್ಲವೆಂದು ಸಾಹೇಬರು ಖುಷಿಯಾಗಿ, ಹುಡುಗರಿಗೆ ಮಧ್ಯಾಹ್ನ ಪಾರ್ಟಿ ಕೊಡಿರೆಂದು ಬಿರಿಯಾನಿಯ ಹಂಡೆ ಕಳಿಸಿದ್ದರು. ಜೊತೆಗೆ ರಟ್ಟಿನ ಡಬ್ಬಗಳು. ಬಸವರಾಜ ಸರ್ ಒಂದನ್ನು ಬಿಚ್ಚಿ ನೋಡಿದರು. ಎಲ್ಲ ಬಾಟಲಿ, ಅದೂ ದುಬಾರಿ ಮಾಲು. ಕುಡಿಯದೆ ಗಾಡಿ ಓಡಿಸಿದ್ದಕ್ಕೆ ಕುಡಿಯಲು ಬಹುಮಾನ! ನಗಬೇಕಾದ ಸಂಗತಿ, ಆದರೆ ಆಗ ಯಾರೂ ನಗಲಿಲ್ಲ. “ಸಾಹೇಬ್ರ ಮನಸು ಭಾಳ ದೊಡ್ಡದು” ಎಂದರು. ನಾನೂ ಮೊದಲಿಗೆ ಹಾಗೆಯೇ ಅಂದುಕೊಂಡೆ.

ಅಷ್ಟರಲ್ಲಿ ಕಿಟಕಿಗೆ ಪಂಪಾಪತಿಯ ಹೆಂಡತಿ ಹುಲಿಗೆಮ್ಮ ಬಂದಳು. ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದಳು, ರಾತ್ರಿಯೆಲ್ಲ ಹೆದರಿ ನಿದ್ದೆಗೆಟ್ಟು ಕಣ್ಣು ಕೆಂಪಗೆ ಊದಿದ್ದವು.

“ಅಕ್ಕಾರ, ಇವತ್ತು ಪಾರ್ಟಿ ಐತಂತ, ರಾತ್ರಿ ಅವನ ಹೇಳಿದ. ನಿನ್ನೆ ಮಾಲಿ ತಗದಾನ್ರಿ. ಇವತ್ತೊಂದು ದಿನ ಎಲ್ಲಿಗರ ಕಳಿಸ್ರಿ. ಇವತ್ತು ಹಿಡದ್ನಂದ್ರ ಮತ್ತ ಬಿಡಂಗಿಲ್ಲ. ಈ ಸಲ ಅವ ಕಾಲುವಿಗೆ ಬಿದ್ರ ಏಳಂಗಿಲ್ರಿ ಅಕ್ಕಾರ.”

ನನಗೆ ತಕ್ಷಣ ಹೊಳೆದದ್ದು ಅಕ್ಕಿ. “ಪಂಪಾಪತಿ, ಕ್ಯಾಂಟೀನಿಗೆ ಕಂಪ್ಲಿಯಿಂದ ಅಕ್ಕಿ ತರಬೇಕು, ಪಿಕಪ್ ತಗೀ, ನಾನೂ ಬರ್ತೀನಿ” ಎಂದೆ. ಅವನ ಮುಖ ಸಣ್ಣದಾಯಿತು. ಹಿಂದಿನಿಂದ ಯಾರೋ “ಎಲ್ಲಾರಿಗೂ ಬಿರಿಯಾನಿ, ಸ್ವಾಮಿಗೆ ಬರೀ ಅಕ್ಕಿ!” ಎಂದು ಕೂಗಿದರು. ಅವನು ಮಾತಾಡದೆ ಗಾಡಿ ತೆಗೆದ.

ಕಂಪ್ಲಿಯ ಹತ್ತಿರ ಹೋದಂತೆ ಕೆಂಪು ಮುಗಿದು ಹಸಿರು ಶುರುವಾಗುತ್ತದೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಗಿರಣಿಯಲ್ಲಿ ಒಂದು ಮೂಟೆ ಹಾಕಿಸಿಕೊಂಡು, ಹೊಳೆಯ ದಂಡೆಗೆ ಹೋಗಿ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಕುಳಿತೆವು. ಅವನು ತಿನ್ನಲಿಲ್ಲ. 

“ಅಕ್ಕಾರ, ಕ್ಯಾಂಟೀನಿನಾಗ ಅಕ್ಕಿ ಮೂಟಿ ಮ್ಯಾಲ ಮೂಟಿ ಬಿದ್ದಾವ. ಹೋದ ವಾರ ನಾನ ಇಳಿಸೀನಿ.”

ನಾನು ಮಿರ್ಚಿ ಕಚ್ಚಿ, ಖಾರ ಹತ್ತಿದವಳಂತೆ ಕೆಮ್ಮಿದೆ.

“ಹುಲಿಗೆವ್ವ ಬಂದಿದ್ಲು, ಹೌದಲ್ರಿ?”

“ಬಂದಿದ್ಲು.”

“ಇವತ್ತು ನೀವು ಕರ್ಕೊಂಡು ಬಂದ್ರಿ. ನಾಳೆ ಯಾರು ಕರ್ಕೊಂಡು ಹೋಗ್ತಾರ್ರಿ? ಮಾಲಿ ಇದ್ದಾಗ ಯಾರರ ಗ್ಲಾಸು ಹಿಡದ್ರ, ಏ ಮಾಲಿ ಹಾಕೀನಲೇ ಅಂತಿದ್ದೆ. ಸುಮ್ನಾಗ್ತಿದ್ರು. ಈಗ ಏನಂತ ಹೇಳ್ಲಿ?”

“ಬ್ಯಾಡ ಅಂತ ಹೇಳು.”

“ಭಾಳ ಸಸಾರ ಹೇಳಿದ್ರಿ ನೋಡ್ರಿ!” ಎಂದು ನಕ್ಕ. ನಕ್ಕವನು ಹಾಗೆಯೇ ತಲೆ ತಗ್ಗಿಸಿದ. “ಮುಂಜಾನಿ ನಿಮ್ಮ ಕಿಟಕಿ ಮುಂದ ನಿಂತಾಗ ನನಗ ಗೊತ್ತಿರ್ತೈತ್ರಿ, ಇವತ್ತು ಗಾಡಿ ಮುಟ್ಟಬಾರ್ದು ಅಂತ. ಆದ್ರ ಕುಡದೀನಿ ಅಂತ ಹೇಳಿದ್ರ ಕೆಲ್ಸ ಹೋಗ್ತೈತಿ. ಹೇಳ್ದೆ ಗಾಡಿ ಹತ್ತಿದ್ರ ಜೀವ ಹೋಗ್ತೈತಿ. ನೀವ ಹೇಳ್ರಿ, ಯಾವುದು ಹಿಡೀಲಿ?”

ನಾನು ಮಂಡಕ್ಕಿಯ ಪೊಟ್ಟಣವನ್ನು ಅವನ ಕಡೆ ಸರಿಸಿದೆ.

ವಾಪಸು ಬರುವಾಗ ಮಲಪನಗುಡಿ ದಾಟಿದರೂ ಆ ಪ್ರಶ್ನೆ ಬಿಡಲಿಲ್ಲ. ಮರುದಿನ ಬಸವರಾಜ ಸರ್ ಮುಂದೆ ನಿಂತೆ.

“ಸರ್, ತಾನಾಗಿ ಬಂದು ಇವತ್ತು ನನಗ ಕೀಲಿ ಬ್ಯಾಡ ಅಂದವರ ಕೆಲ್ಸ ತೆಗೀಬ್ಯಾಡ್ರಿ. ಅವತ್ತು ಟೈರ್ ಶೆಡ್ಡಿನಾಗ ಇರಲಿ.”

“ಮೇಡಂ, ನಾವು ಯಾರ್ಡ್ ನಡಸ್ತೀವೋ ಛತ್ರ ನಡಸ್ತೀವೋ? ಕುಡದು ಬಂದವರಿಗೆ ಕುಂದ್ರಿ ಅಂತ ಖುರ್ಚಿ ಹಾಕ್ಬೇಕಾ?”

“ಖುರ್ಚಿ ಬ್ಯಾಡ್ರಿ, ಟೈರಿನ ಮ್ಯಾಲ ಕುಂದ್ರಲಿ. ನನ್ನ ಮೂಗು ನಂಬ್ಕೊಂಡು ಎಷ್ಟು ದಿನ ಗಾಡಿ ಬಿಡ್ತೀರಿ? ಅದು ಹಲ್ಲುನೋವಿನವನ್ನ ಹಿಡೀತು. ಯಾರ್ಯಾರನ್ನ ಬಿಟ್ಟೈತೋ ದೇವರಿಗೇ ಗೊತ್ತು.”

ಹಲ್ಲುನೋವಿನ ಸುದ್ದಿಗೆ ಅವರಿಗೆ ನಗು ಬಂತು. ನಕ್ಕ ಮೇಲೆ ಅವರು ಪೂರ್ತಿ ಇಲ್ಲವೆನ್ನಲು ಆಗಲಿಲ್ಲ. “ಯುಗಾದಿತನಕ ನೋಡೋಣು” ಎಂದರು.

ಮಾತು ಸಾಲಿಗೆಲ್ಲ ತಿಳಿಸಿದೆವು. ಯಾರೂ ನಂಬಲಿಲ್ಲ. ಇದು ಹಿಡಿಯುವ ಹೊಸ ಬಲೆ ಎಂದು ಮಾತಾಡಿಕೊಂಡರು. ಲವಂಗ ಎಂದಿನಂತೆ ನಡೆಯಿತು. ಪಂಪಾಪತಿ ಆ ಪಾರ್ಟಿ ತಪ್ಪಿಸಿಕೊಂಡನಾದರೂ, ಹುಲಿಗೆಮ್ಮ ಹೆದರಿದ್ದು ಸುಳ್ಳಾಗಲಿಲ್ಲ, ಅವನು ಮತ್ತೆ ಕುಡಿಯತೊಡಗಿದ. ಶಿವರಾತ್ರಿಯ ಸುಮಾರಿಗೆ ಒಂದು ಬೆಳಗ್ಗೆ ಅವನು ಕಿಟಕಿಗೆ ಬಂದ. ಕೀಲಿ ಮುಂದೆ ಹಿಡಿದೆ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಅಕ್ಕಾರ, ಇವತ್ತು ನನಗ ಕೀಲಿ ಬ್ಯಾಡ್ರಿ.”

ಸಾಲಿನವರು ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಹಿಂದಿನಿಂದ, “ಏ, ಸ್ವಾಮಿ ಸತ್ಯಹರಿಶ್ಚಂದ್ರ ಆಗ್ಯಾನ್ರಲೇ!” ಎಂದು ಒಬ್ಬ ಕೂಗಿದ, ಎಲ್ಲರೂ ನಕ್ಕರು. ಪಂಪಾಪತಿ ಕದಲಲಿಲ್ಲ. ಅಷ್ಟರಲ್ಲಿ ಬಸವರಾಜ ಸರ್ ಬಂದರು. ಅವರು ಏನು ಹೇಳುತ್ತಾರೋ ಎಂದು ಕೀಲಿ ಹಿಡಿದೇ ನಿಂತೆ. ಅವರು ಅವನನ್ನು ನೋಡಿದರು, ಸಾಲನ್ನು ನೋಡಿದರು.

“ಟೈರ್ ಶೆಡ್ಡಿಗೆ ನಡೀಲೇ ಪಂಪ್ಯಾ. ಮೊದ್ಲು ಕ್ಯಾಂಟೀನಿಗೆ ಹೋಗಿ ಏನರ ತಿನ್ನು.”

ಅಷ್ಟೇ. ಸಂಜೆ ಅವನು ಮನೆಗೆ ಹೋದ, ಮರುದಿನ ಬಂದ, ಕೀಲಿ ಸಿಕ್ಕಿತು. ಅದನ್ನು ಕಣ್ಣಾರೆ ಕಂಡ ಮೇಲೆ ಸಾಲಿನಲ್ಲಿ ಇನ್ನೊಬ್ಬ, ಕೆಲವು ದಿನ ಬಿಟ್ಟು ಮತ್ತೊಬ್ಬ, ಕೈ ಹಿಂದೆ ಕಟ್ಟಿದರು. ಯುಗಾದಿ ಕಳೆಯಿತು. ನಿಲ್ಲಿಸುವ ಮಾತನ್ನು ಯಾರೂ ಎತ್ತಲಿಲ್ಲ. ಅಂಗಡಿಯಲ್ಲಿ ಲವಂಗದ ವ್ಯಾಪಾರ ಬಿತ್ತೆಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು.

ಟೈರಿನ ಮೇಲೆ ಕುಳಿತ ಮಾತ್ರಕ್ಕೆ ಕುಡಿತ ಬಿಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪಂಪಾಪತಿ ಕೀಲಿ ಬೇಡವೆನ್ನುವ ದಿನಗಳು ಹೆಚ್ಚಾದವು. ಒಂದು ದಿನ ಶೆಡ್ಡಿನಲ್ಲಿ ಅವನ ಕೈಯಿಂದ ಸ್ಪ್ಯಾನರು ಜಾರಿ ಬೀಳುವುದನ್ನು ಕಂಡು, ಬಸವರಾಜ ಸರ್ ತಾವೇ ಅವನನ್ನು ಬಳ್ಳಾರಿಯ ಡಾಕ್ಟರ ಹತ್ತಿರ ಕರೆದೊಯ್ದರು. ಅಲ್ಲಿ ಅವನನ್ನು ಸೇರಿಸಿಕೊಂಡರು. “ಗಾಡಿ ನಿಂದ ಐತಲೇ, ಆರಾಮಾಗಿ ಬಾ” ಎಂದು ಹೇಳಿ ಬಂದರಂತೆ. ಅವನು ಬರುವವರೆಗೆ ಆ ಕೀಲಿ ನನ್ನ ಮೊಳೆಯಲ್ಲೇ ಇತ್ತು. ದಿನಾ ಧೂಳು ಒರೆಸುತ್ತಿದ್ದೆ. ಬಂದ ಮೇಲೂ ಒಂದೆರಡು ಸಲ ಜಾರಿದ, ಮತ್ತೆ ಡಾಕ್ಟರಿಗೆ ತೋರಿಸಿಕೊಂಡ.

ಆಮೇಲೆ ಮೈನಿಂಗ್ ನಿಂತಿತು, ಯಾರ್ಡೂ ಮುಚ್ಚಿತು. ಈಗ ಅಲ್ಲಿ ಮದುವೆ ಹಾಲ್ ಎದ್ದಿದೆ. ಪಂಪಾಪತಿ ಊರಿಗೆ ಹೋಗಿ ಕಬ್ಬಿನ ಟ್ರ್ಯಾಕ್ಟರ್ ಹಿಡಿದ. ವರ್ಷಕ್ಕೊಮ್ಮೆ ಹೊಸ ಅಕ್ಕಿ ತಂದುಕೊಡುತ್ತಾನೆ. “ಕ್ಯಾಂಟೀನಿಗೆ” ಎನ್ನುತ್ತಾನೆ.

ಇವತ್ತು ಸಂಜೆ ಗಂಡ ಹೆಂಡತಿ ಇಬ್ಬರೂ ಬಂದರು, ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಕರೆಯಲು. ಅವನ ಕೂದಲು ಬೆಳ್ಳಗಾಗಿದೆ, ಎತ್ತರ ಹಾಗೆಯೇ ಇದೆ. ಮಾತಿನ ನಡುವೆ ನಮ್ಮವರು ಸುಮ್ಮನಿರಲಾರದೆ, “ಈಗ ಪೂರ್ತಿ ಬಿಟ್ಟಂಗಾತೇನಪ?” ಎಂದು ಕೇಳಿಬಿಟ್ಟರು. ನಾನು ನಮ್ಮವರತ್ತ ಕಣ್ಣು ಕೆಕ್ಕರಿಸಿದೆ.

ಪಂಪಾಪತಿಗೆ ಬೇಜಾರಾಗಲಿಲ್ಲ. “ಹಂಗ ದೊಡ್ಡ ಮಾತು ಆಡಂಗಿಲ್ರಿ ಯಜಮಾನ್ರ. ಹೋದ ವರ್ಷ ತಮ್ಮ ತೀರಿಕೊಂಡಾಗ ಭಾಳ ಎಳೀತ್ರಿ. ಟ್ರ್ಯಾಕ್ಟರ್ ಕೀಲಿ ಇಕಿ ಕೈಯಾಗ ಕೊಟ್ಟು ಮನ್ಯಾಗ ಕುಂತೆ” ಎಂದ.

“ಕೊಟ್ಟು, ಮೂರು ಹೊತ್ತೂ ಚಾ ಮಾಡು ಚಾ ಮಾಡು ಅಂತ ನನ್ನ ಜೀವ ತಿಂದ” ಎಂದು ಹುಲಿಗೆಮ್ಮ ನಕ್ಕಳು.

ಇಷ್ಟು ವರ್ಷ ಆ ಕೀಲಿ ಕಿಟಕಿಯ ಕೆಲಸ ಯಾರ್ಡು ಮುಚ್ಚಿದಾಗಲೇ ಮುಗಿಯಿತೆಂದು ತಿಳಿದಿದ್ದೆ. ಅವಳು ನಗುವುದನ್ನು ನೋಡುತ್ತ ಕುಳಿತವಳಿಗೆ ರೊಟ್ಟಿ ತಟ್ಟುವುದೇ ಮರೆತುಹೋಗಿತ್ತು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಕೊನೆಗೆ ಅನ್ನ ಸಾರು. ಪಂಪಾಪತಿ ಎರಡು ಸಲ ಸಾರು ಹಾಕಿಸಿಕೊಂಡ. ಬಸ್ಸು ಬೆಳಗ್ಗೆ ಎಂದು ಪಡಸಾಲೆಯಲ್ಲಿ ಹಾಸಿಕೊಟ್ಟೆ. ಅವನು ಮತ್ತು ನಮ್ಮವರು ಕಟ್ಟೆಯ ಮೇಲೆ ಕುಳಿತು ಕಬ್ಬಿನ ಮಾತಿಗೆ ಬಿದ್ದರು. ನಾನು ಹೊದಿಕೆ ತೆಗೆದುಕೊಂಡು ಬರುವಷ್ಟರಲ್ಲಿ ಹುಲಿಗೆಮ್ಮ, ಗಂಡ ಇನ್ನೂ ಹೊರಗಿರುವಾಗಲೇ, ಗೋಡೆಯ ಕಡೆ ತಿರುಗಿ ನಿದ್ದೆ ಹೋಗಿದ್ದಳು.