ಮಜ್ಜಿಗೆ ಹೊತ್ತಿನ ಸ್ವಿಚ್ಚು

ಕಡೂರಿನ ಹೊಸ ಕಲ್ಯಾಣಮಂಟಪಕ್ಕೆ ಎಂಥ ಎಸಿ ಹಾಕಬೇಕು ಅಂತ ನೋಡಿ ಹೇಳೋಕೆ ಹೋಗಿದ್ದೆ. ಊಟದ ಹಾಲ್‌ಗೆ ಬಂದಾಗ, "ಇಲ್ಲಿಗೆ ಚಾವಣಿಯಿಂದ ನಾಲ್ಕೂ ಕಡೆ ಗಾಳಿ ಬಿಡೋ ಕ್ಯಾಸೆಟ್ ಎಸಿ ಸರಿ ಸಾರ್" ಅಂದೆ.

ಮಾಲೀಕರಾದ ಗೌಡ್ರು ಗಾಬರಿಯಾದ್ರು. "ಇಲ್ಲಿಗೆ ಬ್ಯಾಡ ಕಣ್ರೀ! ತಂಪಾಗಿದ್ರೆ ಮೊದಲ್ನೇ ಪಂಕ್ತಿಯೋರು ಏಳೋದೇ ಇಲ್ಲ. ಕುರ್ಚಿ ಹಿಂದೆ ಕಾಯ್ತಾ ನಿಂತಿರ್ತಾರಲ್ಲ, ಅವರು ನನ್ನನ್ನ ಬೈತಾರೆ."

"ಎಸಿ ಇಲ್ದಿದ್ರೆ ಮದುವೆಗಳೆಲ್ಲ ತರೀಕೆರೆಗೆ ಹೋಗ್ತವೆ" ಅಂತ ಹೆದರಿಸಿದೆ.

ಗೌಡ್ರು ಖಾಲಿ ಟೇಬಲ್ಲಿನ ಮುಂದೆ ಕೂತು, ಎದುರಿಗೆ ಎಲೆ ಹಾಕಿದೆಯೇನೋ ಅನ್ನೋ ಹಾಗೆ ಯೋಚಿಸಿದ್ರು. "ಸರಿ, ಹಾಕಿ. ಸ್ವಿಚ್ಚು ಮಾತ್ರ ಅಡುಗೆಮನೆ ಬಾಗಿಲ ಹತ್ರ ಇರ್ಲಿ. ಮಜ್ಜಿಗೆ ಬಂತು ಅಂದ್ರೆ ಆಫ್!"

ನಗುತ್ತಲೇ ಹಾಗೇ ಮಾಡಿಸಿಕೊಟ್ಟೆ.

ಮೊನ್ನೆ ಅಲ್ಲೇ ಒಂದು ಮದುವೆ ಊಟಕ್ಕೆ ಕೂತಿದ್ದೆ. ಇನ್ನೊಂದು ಒಬ್ಬಟ್ಟು ಕೇಳೋಣ ಅಂತಿದ್ದಾಗಲೇ ಮಜ್ಜಿಗೆ ಬಂತು, ನೆತ್ತಿ ಮೇಲಿನ ತಣ್ಣನೆ ಗಾಳಿ ನಿಂತೇಹೋಯ್ತು. ಹಿಂದೆ ಯಾರೋ ನನ್ನ ಕುರ್ಚಿಯ ಬೆನ್ನು ಹಿಡಿದರು. ಪಕ್ಕದ ಎಲೆಯವರು ಬೆವರು ಒರೆಸಿಕೊಳ್ಳುತ್ತಾ, "ಯಾವನಪ್ಪಾ ಈ ಡಬ್ಬಾ ಎಸಿ ಹಾಕಿದ್ದು?" ಅಂದ್ರು.

ಇಡೀ ಪಂಕ್ತಿಯಲ್ಲಿ ಮೊದಲು ಎದ್ದು ಕೈ ತೊಳೆಯೋಕೆ ಹೋದವನು ನಾನೇ.