ಸಿಮೆಂಟ್ ರೋಡಿನ ಮೇಲೆ ರಾಗಿ ಪೈರು

ಆಗೆಲ್ಲ ನಮ್ಮೂರೊಳಗೆ ಬಸ್ಸು ಬಂತೆಂದರೆ ಅದರ ಹಿಂದೆ ಮೊದಲು ಓಡುವವಳೇ ನಾನು! ತೊಂಬತ್ತೆರಡನೇ ಇಸವಿಯೋ ತೊಂಬತ್ತಮೂರೋ ಇರಬೇಕು, ಲಂಗ ಎತ್ತಿ ಕಟ್ಟಿ ಕುಂಟಾಟ ಆಡುತ್ತಿದ್ದ ವಯಸ್ಸು.

ನಮ್ಮ ಬೀದಿಯ ಸಿಮೆಂಟ್ ರೋಡು ಮೋರಿ ಹತ್ತಿರ ಒಡೆದು, ಸಂತೆಯೂರು ಮೇಚೇರಿಗೆ ಹೋಗುವ ಬಸ್ಸಿನ ಚಕ್ರ ಅದರಲ್ಲಿ ಸಿಕ್ಕಿಕೊಂಡಿತು. ಅವತ್ತಿನಿಂದ ಡ್ರೈವರ್ ಊರೊಳಗೆ ಬರಲೇ ಇಲ್ಲ. ಅವ್ವ ಸಂತೆಯ ಬದನೆಕಾಯಿ ಬುಟ್ಟಿ ಹೊತ್ತು ಮೇನ್ ರೋಡಿನವರೆಗೆ ನಡೆಯಬೇಕಾಯಿತು. ರೋಡು ಸರಿಹೋದರೆ ಮೊದಲ ಬಸ್ಸಿಗೆ ನನ್ನನ್ನೂ ಸಂತೆಗೆ ಕರೆದೊಯ್ಯುತ್ತೇನೆ ಎಂದಿದ್ದಳು. ನಾನು ಅಲ್ಲಿಯವರೆಗೆ ಬಸ್ಸೇ ಹತ್ತಿರಲಿಲ್ಲ!

ಕೊನೆಗೊಂದು ದಿನ ಮೇಸ್ತ್ರಿ ಬಂದರು. ಒಡೆದ ಜಾಗವನ್ನು ಉಳಿಯಿಂದ ಚೌಕವಾಗಿ ಕಡಿದು, ಧೂಳು ತೊಳೆದು, ಜಲ್ಲಿ ಸಿಮೆಂಟು ತುಂಬಿ, ಕರಣೆಯಿಂದ ನಯ ಮಾಡಿದರು. ಆ ಹಸಿ ಸಿಮೆಂಟಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

"ಇದು ಒಣಗ್ಬಾರ್ದು ಪಾಪಾ. ಮ್ಯಾಲೆ ಏನಾರ ಒದಿಸಿ ಎರಡು ವಾರ ದಿನಾ ನೀರಾಕು. ಒಣಗಿದ್ರೆ ಬಿರುಕು, ಬಿರುಕು ಬಿಟ್ರೆ ಬಸ್ಸಿಲ್ಲ" ಎಂದರು.

ಅಜ್ಜಿ ಬಣವೆಯಿಂದ ರಾಗಿಹುಲ್ಲು ತಂದು ಹಾಸಿದಳು. ನಾನು ಬೆಳಿಗ್ಗೆ ಸಾಯಂಕಾಲ ಬಿಂದಿಗೆ ಹೊತ್ತೆ. ನೋಡನೋಡುತ್ತಿದ್ದಂತೆ ಹುಲ್ಲಿನ ತುಂಬ ಹಸಿರೋ ಹಸಿರು! ತೆನೆಯಲ್ಲಿ ಉಳಿದಿದ್ದ ಕಾಳೆಲ್ಲ ಮೊಳೆತಿತ್ತು. ಅಜ್ಜಿ ಕೀಳಲು ಬಿಡಲಿಲ್ಲ.

ಮೇಸ್ತ್ರಿ ಹೇಳಿದ ಗಡುವು ಮುಗಿಯಿತು. ಬಸ್ಸು ಬಂತು! ಆದರೆ ಹಸಿರು ಕಂಡು ಡ್ರೈವರ್ ಬ್ರೇಕ್ ಹಾಕಿಬಿಟ್ಟ.

"ಏನಜ್ಜೀ, ರೋಡಿಗೇ ರಾಗಿ ಬಿತ್ತಿದ್ಯಾ? ನಾನೂ ಬೇಸಾಯದೋರ ಮಗ. ಪೈರಿನ್ ಮ್ಯಾಲೆ ಬಸ್ ಓಡ್ಸಲ್ಲ."

ನಾನು ಅಜ್ಜಿಯ ಸೆರಗು ಹಿಡಿದೆಳೆದೆ.

"ಇರ್ಲಾ, ನಮ್ಮೆಮ್ಮೆಗೆ ಅಬ್ಬ ಇವತ್ತು!" ಎನ್ನುತ್ತ ಅಜ್ಜಿ ಪೈರನ್ನು ಹುಲ್ಲಿನ ಸಮೇತ ಚಾಪೆಯಂತೆ ಸುತ್ತಿ ಎತ್ತಿದಳು. ನಾನು ಮಂಡಿಯೂರಿ, ಸಿಮೆಂಟಿಗೆ ಕೆನ್ನೆ ತಾಗಿಸಿ ನೋಡಿದೆ. ತಣ್ಣಗಿತ್ತು. ಒಂದು ಕೂದಲೆಳೆ ಬಿರುಕಿಲ್ಲ!

ಅವ್ವನ ಜೊತೆ ನಾನೂ ಹತ್ತಿದೆ. "ಪೋಲಾಂ ರೈಟ್!" ಎಂದು ಕಂಡಕ್ಟರ್ ಹೊರಡಲು ತಮಿಳಿನಲ್ಲಿ ಕೂಗಿದ. ಬಸ್ಸು ನನ್ನ ಚೌಕದ ಮೇಲೆ ಸದ್ದೇ ಇಲ್ಲದೆ ದಾಟಿತು. ಬದನೆಕಾಯಿ ಬುಟ್ಟಿ ಕಾಲ ಸಂದಿಯಲ್ಲಿಟ್ಟುಕೊಂಡು, ಕಿಟಕಿಗೆ ಮುಖ ಕೊಟ್ಟು ಮೇಚೇರಿಯವರೆಗೂ ಬಾಯ್ತೆರೆದು ಕೂತಿದ್ದೆ.

ಈಗ ಆ ಬೀದಿಯೆಲ್ಲ ಹೊಸ ರೋಡು. ಕಿತ್ತುಹೋದರೆ ಲಾರಿಯಲ್ಲಿ ಬಂದು ಮುಚ್ಚಿ ಹೋಗುತ್ತಾರೆ. ನೀರು ಹಾಕು ಎಂದು ಯಾರೂ ನಮಗೆ ಹೇಳುವುದಿಲ್ಲ. ಮೊನ್ನೆ ನನ್ನ ಮೊಮ್ಮಗಳು (ಹೌದು, ಇಷ್ಟು ಬೇಗ ನಾನೂ ಅಜ್ಜಿಯಾದೆ!) ಅದೇ ರೋಡಿನಲ್ಲಿ ಮೊದಲ ಹೆಜ್ಜೆ ಇಟ್ಟಳು. ಕುಣಿದೇಬಿಟ್ಟೆ. ನನ್ನ ಚೌಕ ತೋರಿಸೋಣವೆಂದು ಬಗ್ಗಿ ಹುಡುಕಿದೆ. ಎಲ್ಲಿತ್ತೆಂದು ಗೊತ್ತೇ ಆಗಲಿಲ್ಲ.